ಒತ್ತುವ ಕೈ

ಕಾಲೇಜಿನ ಗೇಟಿನ ಕಮಾನಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ತನ್ನ ಕೈ ಮೊರದಷ್ಟು ದೊಡ್ಡದಾಗಿ ಕಂಡಾಗ ಗೀತಾಂಜಲಿಗೆ ನಾಚಿಕೆಯಾಗಬೇಕಿತ್ತು, ಬಂದದ್ದು ಸಿಟ್ಟು. ಮುಖವನ್ನು ಕತ್ತರಿಸಿ ಎಸೆದಿದ್ದರು. ಮೊಣಕೈಯಿಂದ ಮುಂದಿನ ತುಂಡಷ್ಟೇ ಅವರಿಗೆ ಬೇಕಾಗಿತ್ತು. ಎಡಗಡೆಯ ಫೋಟೋದ ಕೆಳಗೆ ‘ಮೊದಲು’ ಎಂದಿತ್ತು: ಮೇಜಿನ ಮೇಲೆ ಕೂತ ಓಟಗಾರ್ತಿ ಚಾಚಿದ ಬಲಗಾಲನ್ನು ಆ ಕೈ ಒತ್ತಿದೆ, ಕಾಲು ಸೋತು ಕೆಳಗಿಳಿದಿದೆ. ಬಲಗಡೆಯದರ ಕೆಳಗೆ ‘ನಂತರ’: ಅದೇ ಕಾಲು, ತೊಡೆಯ ಮೇಲೆ ಹಚ್ಚಿದ ನೀಲಿ ಪಟ್ಟಿ, ಅದೇ ಕೈ ಒತ್ತುತ್ತಿದೆ, ಕಾಲು ತೊಲೆಯ ಹಾಗೆ ನೆಟ್ಟಗೆ ನಿಂತಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಒಂದು ಪಟ್ಟಿ, ಇಮ್ಮಡಿ ಶಕ್ತಿ’. ಹುಡುಗರು ಸೈಕಲ್ ತಳ್ಳಿಕೊಂಡು ಅದರ ಕೆಳಗೇ ಹಾದುಹೋಗುತ್ತಿದ್ದರು. ಒಬ್ಬನಾದರೂ ನಿಂತು ನೋಡಬಾರದೇ ಎಂದು ಅವಳಿಗೆ ಅನಿಸಿತು. ನೋಡಿದರೆ ಕಾಣುವಂತೆಯೇ ಇತ್ತು. ಆ ಓಟಗಾರ್ತಿಯ ಪಾದದ ಗಂಟಿನ ಮೇಲೆ ಅವರವ್ವ ಕಟ್ಟಿದ ಕರಿದಾರವಿತ್ತು. ‘ಮೊದಲು’ ಫೋಟೋದಲ್ಲಿ ಕೈ ದಾರದ ಮೇಲೇ ಕೂತಿತ್ತು. ‘ನಂತರ’ದಲ್ಲಿ ದಾರ ಬರಿದಾಗಿ ಕಾಣುತ್ತಿತ್ತು, ಕೈ ಅಲ್ಲಿಂದ ಒಂದು ಗೇಣು ಮೇಲಕ್ಕೆ, ಮೊಣಕಾಲಿನ ಕಡೆಗೆ ಸರಿದುಹೋಗಿತ್ತು. ಬಾಗಿಲನ್ನು ಚಿಲಕದ ಹತ್ತಿರ ನೂಕಿದರೆ ಬೆರಳಿಗೇ ಸರಿಯುತ್ತದೆ, ಬಿಜಾಗರಿಯ ಹತ್ತಿರ ನೂಕಿದರೆ ಮೈಯೆಲ್ಲ ಹಾಕಿದರೂ ಜಗ್ಗುವುದಿಲ್ಲ. ಇದನ್ನು ತಿಳಿಯಲು ಅವಳ ಹಾಗೆ ನಾಲ್ಕೂವರೆ ವರ್ಷ ಫಿಜಿಯೋಥೆರಪಿ ಓದಬೇಕಾಗಿರಲಿಲ್ಲ. ಇಡೀ ಧಾರವಾಡದ ಕಣ್ಣೆದುರು ಕಳ್ಳತನವನ್ನು ಹರವಿ ತೂಗುಹಾಕಿದ್ದರು, ಒಬ್ಬರಿಗೂ ಕಾಣುತ್ತಿರಲಿಲ್ಲ.

ಅವಳಿಗಾದರೂ ಎಲ್ಲಿ ಕಂಡಿತ್ತು? ಮೂರು ವಾರದ ಹಿಂದೆ ಕ್ಲಿನಿಕ್ಕಿನ ಆಲ್ಬಮ್ಮಿಗೆ ಫೋಟೋ ಅಂಟಿಸುತ್ತ ಕೂತಾಗ ಈ ಎರಡೂ ಅಕ್ಕಪಕ್ಕ ಬಂದು, ಗೋಂದು ಹಚ್ಚಿದ ಬೆರಳು ಅಲ್ಲೇ ನಿಂತಿತ್ತು. ಅದಕ್ಕೆ ಮುಂಚೆ ಯಾರಾದರೂ ನೀನು ಬೇರೆ ಬೇರೆ ಕಡೆ ಒತ್ತುತ್ತೀ ಅಂದಿದ್ದರೆ ಅವರ ಬಾಯಿಗೆ ಮಣ್ಣು ಹಾಕುತ್ತಿದ್ದಳು. ಹಿಂದಿನ ವರ್ಷ ಬೀಜಿಂಗಿನ ಒಲಿಂಪಿಕ್ಸನ್ನು ಟೀವಿಯಲ್ಲಿ ನೋಡುವಾಗ ಆಟಗಾರರ ಭುಜಕ್ಕೆ, ಮೊಣಕಾಲಿಗೆ ಹಚ್ಚಿದ ಬಣ್ಣದ ಪಟ್ಟಿಗಳು ಕಂಡವು. ಅವಳು ಕೆಲಸ ಮಾಡುವ ಕ್ಲಿನಿಕ್ಕಿನ ಒಡೆಯ ಕೇದಾರ ಸರ್ ದೀಪಾವಳಿಯೊಳಗೆ ಪೆಟ್ಟಿಗೆಗಟ್ಟಲೆ ತರಿಸಿದರು. ಎಳೆದರೆ ಹಿಗ್ಗುವ, ಬಿಟ್ಟರೆ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿಯುವ ಪಟ್ಟಿ. ಹಚ್ಚುವುದನ್ನು ಕಲಿಯಲು ಅವಳನ್ನು ಪುಣೆಗೆ ಕಳಿಸಿದರು. ಅಲ್ಲಿ ಕಲಿಸಿದವನ ಕೈ ಹೇಗೆ ಆಡಿತೋ ಹಾಗೆ ಇವಳ ಕೈ ಆಡಲು ಕಲಿಯಿತು, ಸಾಲಿ ಮಕ್ಕಳು ಮಾಸ್ತರರ ಅಕ್ಷರ ತಿದ್ದುವ ಹಾಗೆ. ಮೊದಲ ಸಲ ಪಾದದ ಹತ್ತಿರ ಒತ್ತು, ಪಟ್ಟಿ ಹಚ್ಚು, ಎರಡನೆಯ ಸಲ ಒತ್ತು, ಚಪ್ಪಾಳೆ. ಹುಬ್ಬಳ್ಳಿ, ಗದಗ, ಹಾವೇರಿ, ಹೀಗೆ ಹನ್ನೊಂದು ಸಭಾಂಗಣ. ಹನ್ನೊಂದು ಕಡೆಯೂ ಕೈ ತಾನಾಗಿ ಸರಿದಿತ್ತು. ತಾನಾಗಿ! ಈ ಮಾತು ಎಲ್ಲಿಯದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಅಪ್ಪ ಅರ್ಜುನಪ್ಪನ ದಲಾಲಿ ಅಂಗಡಿ, ಮೆಣಸಿನಕಾಯಿಯ ಘಾಟು, ಸೀನುತ್ತ ನಿಂತ ಎಂಟು ವರ್ಷದ ಗೀತಾಂಜಲಿ. ತೂಕದ ಕಾಟಾಕ್ಕೆ ತೂಗುಹಾಕಿದ ರೈತನ ಚೀಲದ ಅಡಿಗೆ ಅಪ್ಪನ ಮೊಣಕಾಲು ಹೋಗಿ ತುಸುವೇ ತುಸು ಎತ್ತಿ ಹಿಡಿದಿತ್ತು. ರೈತ ಹೋದ ಮೇಲೆ ಅವಳು ಕೇಳಿಯೇಬಿಟ್ಟಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. “ಕಾಲು ತಾನ ಹೋತವ್ವ, ನಾ ಒಯ್ದಿಲ್ಲ” ಎಂದು ಅವಳ ಮುಖವನ್ನೂ ನೋಡದೆ ಚೀಲದ ಬಾಯಿ ಹೊಲಿಯಲು ಕೂತ. ಆ ದಿನದಿಂದ ಅಪ್ಪನ ಕಾಲು ಮುಟ್ಟಿ ನಮಸ್ಕರಿಸುವಾಗಲೆಲ್ಲ ಅವಳಿಗೆ ಆ ಮೊಣಕಾಲೇ ಮೊದಲು ಕಾಣುತ್ತಿತ್ತು. ಅಪ್ಪ ಸತ್ತು ಆರು ವರ್ಷವಾಗಿತ್ತು. ಈಗ ಮಗಳ ಕೈ ತಾನಾಗಿ ಹೋಗಿತ್ತು.

ಆಲ್ಬಮ್ ಮುಚ್ಚಿಟ್ಟ ಮರುದಿನ ಅವಳು ಅಟ್ಟದಿಂದ ಅಪ್ಪನ ಕೊಕ್ಕೆ ತಕ್ಕಡಿಯನ್ನೇ ಇಳಿಸಿದಳು. ಸ್ಪ್ರಿಂಗು ಎಳೆದಷ್ಟು ಮುಳ್ಳು ಸರಿಯುವ ಹಿತ್ತಾಳೆಯ ತಕ್ಕಡಿ. ಕೈಯನ್ನು ನಂಬುವುದು ಸಾಕಾಗಿತ್ತು. ಕ್ರೀಡಾ ಹಾಸ್ಟೆಲಿನ ಎಂಟು ಹುಡುಗಿಯರ ಪಾದದ ಗಂಟಿಗೆ ಒಂದೇ ಜಾಗದಲ್ಲಿ ಅರಿವೆಯ ಕುಣಿಕೆ ಹಾಕಿ, ತಕ್ಕಡಿಯಿಂದ ಕೆಳಕ್ಕೆ ಜಗ್ಗಿ, ಕಾಲು ಎಷ್ಟಕ್ಕೆ ಸೋಲುತ್ತದೆಂದು ನೋಡಿದಳು. ಒಂದು ದಿನ ಪಟ್ಟಿಯಿಲ್ಲದೆ, ಒಂದು ದಿನ ಪದ್ಧತಿಯಂತೆ ಎಳೆದು ಹಚ್ಚಿ, ಒಂದು ದಿನ ಎಳೆಯದೆ ಸುಮ್ಮನೆ ಅಂಟಿಸಿ. ಮುಳ್ಳು ಮೂರು ದಿನವೂ ಹೆಚ್ಚುಕಡಿಮೆ ಅಲ್ಲಲ್ಲೇ ನಿಂತಿತು. ಹುಡುಗಿಯರು ಮಾತ್ರ ಎಳೆದದ್ದೋ ಎಳೆಯದ್ದೋ ತಿಳಿಯದೆ, ಪಟ್ಟಿ ಇದ್ದ ದಿನ ಹಗುರ ಅನಿಸಿತೆಂದರು. ಎಂಟು ಜನರ ಲೆಕ್ಕದಿಂದ ಲೋಕದ ಸತ್ಯ ತೀರ್ಮಾನವಾಗುವುದಿಲ್ಲ, ಅಷ್ಟು ಅವಳಿಗೂ ತಿಳಿಯುತ್ತಿತ್ತು. ಪಟ್ಟಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಆಣೆ ಮಾಡಲು ಅವಳು ಇಂದಿಗೂ ಸಿದ್ಧಳಾಗಿರಲಿಲ್ಲ. ಆದರೆ ‘ಇಮ್ಮಡಿ ಶಕ್ತಿ’ ಬಂದದ್ದು ತನ್ನ ಕೈಯಿಂದ ಎಂಬುದನ್ನು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು. ನೋಟ್‌ಬುಕ್ಕನ್ನೂ ಫೋಟೋವನ್ನೂ ಹಿಡಿದು ಕೇದಾರ ಸರ್ ಮುಂದೆ ನಿಂತಾಗ ಅವರು ಕನ್ನಡಕ ಏರಿಸಿ, ನಿಧಾನವಾಗಿ ನೋಡಿ, ನಕ್ಕಿದ್ದರು. “ಮೆಣಸಿನಕಾಯಿ ತೂಗೋ ಕೊಕ್ಕಿ ತಂದು ಮನಷ್ಯಾರನ್ನ ತೂಗ್ಲಿಕ್ಕೆ ಹತ್ತೀರಲ್ಲ ಗೀತಾಂಜಲಿಯವರ! ನೋಡ್ರಿ, ನಿಮ್ಮ ಕೈಗುಣ ಛಲೋ ಅದ. ಜನಾ ಅದನ್ನ ನಂಬತಾರ. ನಂಬಿಕಿಗೆ ತಕ್ಕಡಿ ಹಿಡೀಬಾರದು.” ಎಷ್ಟು ಮೆತ್ತಗೆ, ಎಷ್ಟು ಚೆಂದವಾಗಿ ಹೇಳಿದ್ದರು! ಅಜ್ಜನ ಕಾಲದಿಂದ ಸಂಗೀತ ಕೇಳಿ ಬೆಳೆದ ಮನೆಯ ಮಾತು. ಅವರ ಎದುರು ಅವಳ ನಾಲಿಗೆ ತನ್ನ ಮನೆಯ ‘ಐತಿ’ ಬಿಟ್ಟು ಅವರ ‘ಅದ’ಕ್ಕೆ ಹೊರಳುತ್ತಿತ್ತು, ಆರು ವರ್ಷದಿಂದ. ಅಂದೂ ಹೊರಳಿ “ಹೌದ್ರಿ ಸರ್, ಅದೂ ಖರೇನ ಅದ” ಅಂದು ಹೊರಗೆ ಬಂದಿದ್ದಳು. ಮೆಟ್ಟಿಲ ಮೇಲೆ ನಿಂತು ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತ್ತು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈಗ ಕೇದಾರ ಸರ್ ಅದೇ ಮೆತ್ತಗಿನ ನಗೆಯಿಂದ ಅತಿಥಿಗಳ ನಡುವೆ ಕೂತಿದ್ದರು. ಪಟ್ಟಿಯ ಪ್ರದರ್ಶನ ನೋಡಲು ಎರಡು ಜಿಲ್ಲೆಗಳ ದೈಹಿಕ ಶಿಕ್ಷಕರು ಬಂದಿದ್ದರು, ಅರವತ್ತು ಜನ. ಹಿರಿಯರಿಗೆ ಕಪ್ಪು-ಬಸಿಯಲ್ಲಿ ಚಹಾ, ಒಳಗೆ ಬಂದ ಅವಳಿಗೆ ಪ್ಲಾಸ್ಟಿಕ್ ಲೋಟ. ಅದರ ಬಿಸಿಗೆ ಬೆರಳು ಸುಟ್ಟಿತು, ಇಡಲು ಜಾಗವಿರಲಿಲ್ಲ. “ಇವರು ನಮ್ಮ ಗೀತಾಂಜಲಿ. ಮಾತು ನಂದು, ಕೈ ಇವರದು” ಎಂದು ಸರ್ ಪರಿಚಯಿಸಿದರು. ಎಲ್ಲರೂ ನಕ್ಕರು. ಮುಂದಿನ ಕುರ್ಚಿಯ ಮುದುಕರೊಬ್ಬರು ಮಾತ್ರ ನಗದೆ ಅವಳ ಕೈಯನ್ನೇ ನೋಡಿದರು. ಕಲಘಟಗಿ ಕಡೆಯ ಸಾಲಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಓಡಿಸಿದ ಗೋವಿಂದಪ್ಪ ಮಾಸ್ತರು, ಕುತ್ತಿಗೆಗೆ ಇನ್ನೂ ಸೀಟಿ ತೂಗುತ್ತಿತ್ತು. “ಕೈ ಸುಡತೈತಿ, ಇಲ್ಲಿ ಇಡವಾ” ಎಂದು ತಮ್ಮ ಬಸಿಯನ್ನು ಮುಂದಕ್ಕೆ ಸರಿಸಿದರು. ಅವಳು ಲೋಟವನ್ನು ಅದರ ಮೇಲಿಟ್ಟು ಮುಖ ಆಚೆ ತಿರುಗಿಸಿದಳು. ಥೂ, ಒಂದು ಬಸಿಗೆ ಅಳುವಷ್ಟು ಅಗ್ಗವಾದೆನೇ ನಾನು ಎಂದು ಮತ್ತೆ ಸಿಟ್ಟು ಬಂತು. ಕೇದಾರ ಸರ್ ಎದ್ದು ಅವಳನ್ನು ಬಾಗಿಲ ತನಕ ಕರೆದು, ದನಿ ತಗ್ಗಿಸಿ ಫ್ಲೆಕ್ಸಿನ ಓಟಗಾರ್ತಿಯ ಮಾತು ತೆಗೆದರು. “ಭುವನೇಶ್ವರಿನ್ನ ಕೂಡಸೋಣ. ಬಲಗಾಲಿಗೆ ತೋರಸೋಣ. ಆಮ್ಯಾಲೆ ಎಡಗಾಲಿಗೆ ಚಂದಾಗಿ ಹಚ್ಚಿ ಕೊಡ್ರಿ. ರವಿವಾರ ಬೆಂಗಳೂರಾಗ ಆಯ್ಕಿ ಅದ, ಹುಡುಗಿ ಓಡಲಿ.” ಅವಳು ಎಡಗಾಲಿನ ಎಲುಬು ಎಂದು ಶುರುಮಾಡಿದಳು. “ಎಕ್ಸರೇ ಸ್ವಚ್ಛ ಅದ ಅಲ್ಲ? ಮತ್ತೇನು? ಆಕೀ ಧೈರ್ಯ ಕೆಡಸಬ್ಯಾಡ್ರಿ” ಎಂದು ಅವರು ಅತಿಥಿಗಳ ಕಡೆಗೆ ತಿರುಗಿಯಾಗಿತ್ತು. ನೋವು ಇಲ್ಲದ ಕಾಲಿಗೆ ತೋರಿಸುವುದು, ನೋವು ಇರುವ ಕಾಲಿಂದ ಓಡಿಸುವುದು. ಲೋಟ ಬಸಿಯ ಮೇಲೇ ಉಳಿಯಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಭುವನೇಶ್ವರಿ ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಹತ್ತೊಂಬತ್ತು ವರ್ಷ, ನಾನೂರು ಮೀಟರ್ ಓಟ. ಶಿವರಾತ್ರಿಯ ಹೊತ್ತಿಗೆ ದಾವಣಗೆರೆಯ ಕೂಟದಲ್ಲಿ ಎರಡೂ ತೊಡೆಗೆ ನೀಲಿ ಪಟ್ಟಿ ಹಚ್ಚಿಕೊಂಡು ಓಡಿ ಎಲ್ಲರನ್ನೂ ಹಿಂದೆ ಹಾಕಿದವಳು. ಫ್ಲೆಕ್ಸಿನ ಕಾಲು ಅವಳದು. ದಸರೆಯ ಹೊತ್ತಿಗೆ ಅವಳ ಎಡಗಾಲಿನಲ್ಲಿ ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾದಾಗ ಗೀತಾಂಜಲಿಯೇ ಪಟ್ಟಿ ಹಚ್ಚಿದ್ದಳು. ಮೂರು ದಿನಕ್ಕೆ ಬಿಚ್ಚಬೇಕು ಎಂದು ಹೇಳಿಯೂ ಇದ್ದಳು. ಆದರೆ ಅವ್ವ ರುಕ್ಮವ್ವ ಬಿಚ್ಚಗೊಡಲಿಲ್ಲ. ಗೀತಾಂಜಲಿ ಬಾಯಾರ ಕೈಗುಣದಿಂದ ಬಂಗಾರದ ಪದಕ ಬಂದಿದೆ, ಅವರು ಹಚ್ಚಿದ್ದನ್ನು ಕೀಳಬಾರದು ಎಂದು, ಮಗಳು ಜಳಕ ಮಾಡುವಾಗ ಆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಹನ್ನೊಂದು ದಿನ ಕಾಪಾಡಿದಳು. ಹನ್ನೊಂದು ದಿನವೂ ಹುಡುಗಿ ಓಡಿದಳು. ಕಡೆಗೆ ಗೀತಾಂಜಲಿ ಬಿಚ್ಚಿದಾಗ ಪಟ್ಟಿಯ ಜೊತೆ ಚರ್ಮವೂ ಎದ್ದು ಬಂತು, ಕೆಳಗೆಲ್ಲ ಬೊಕ್ಕೆ. ಬೊಕ್ಕೆಗಳ ನಡುವೆ ಎಲುಬಿನ ಮೇಲೆ ಹೆಬ್ಬೆರಳಗಲದ ಒಂದೇ ಜಾಗ. ಅಲ್ಲಿ ಮುಟ್ಟಿದರೆ ಸಾಕು, ಹುಡುಗಿ ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದಳು. ಒಂಟಿಕಾಲಿನಲ್ಲಿ ಜಿಗಿ ಅಂದರೆ ಜಿಗಿಯಲಾರಳು. ಕೂದಲೆಳೆಯಂಥ ಬಿರುಕು ಎಕ್ಸರೇಯಲ್ಲಿ ವಾರಗಟ್ಟಲೆ ಕಾಣುವುದಿಲ್ಲ. ಆರು ವಾರ ಓಡದೆ ಬಿಟ್ಟರೆ ತಾನೇ ಕೂಡುತ್ತದೆ. ಓಡಿದರೆ ಒಂದು ದಿನ ಟ್ರ್ಯಾಕಿನ ನಡುವೆ ಒಣ ಕಟ್ಟಿಗೆಯಂತೆ ಮುರಿಯುತ್ತದೆ. ಈ ಮಾತನ್ನು ಗೀತಾಂಜಲಿ ಅವಳಿಗೆ ಮೂರು ಸಲ ಹೇಳಿದ್ದಳು, ಮೂರು ಸಲವೂ ‘ಆದರೂ ನೋಡೋಣ’ ಎಂದು ಬಾಲ ಹಚ್ಚಿ. ಆ ಬಾಲವನ್ನೇ ಹುಡುಗಿ ಹಿಡಿದುಕೊಂಡಿದ್ದಳು.

“ಮೇಡಂ, ರವಿವಾರ ಗಟ್ಟಿ ಹಚ್ಚಿಬಿಡ್ರಿ. ಎರಡು ಪದರ ಹಚ್ಚಿದ್ರ ಇನ್ನೂ ಛಲೋ ಅಲ್ರಿ?”

“ನೋವು ಹೆಂಗೈತಿ?”

“ಐತ್ರಿ. ಪಟ್ಟಿ ಹಚ್ಚಿದ ಮ್ಯಾಲ ಗೊತ್ತಾಗಂಗಿಲ್ರಿ.” ಹುಡುಗಿ ನಕ್ಕಳು, ಆಮೇಲೆ ನಗೆ ನಿಲ್ಲಿಸಿ ನೇರ ನೋಡಿದಳು. “ಖರೇ ಹೇಳ್ರಿ ಮೇಡಂ. ಸರ್ ಹೇಳೂದು ಬ್ಯಾಡ, ನೀವು ಹೇಳ್ರಿ. ಪಟ್ಟಿ ಹಚ್ಚಿದ್ರ ಓಡಬಹುದೇನ್ರಿ?”

ಇದಕ್ಕಿಂತ ಸರಳವಾಗಿ ಕೇಳಲು ಸಾಧ್ಯವಿರಲಿಲ್ಲ. ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಗೀತಾಂಜಲಿ ಪಟ್ಟಿಯ ಸುರುಳಿ ಬಿಚ್ಚಿದಳು, ಕತ್ತರಿ ಹುಡುಕಿದಳು, ಪಟ್ಟಿಯ ತುದಿಗಳನ್ನು ದುಂಡಗೆ ಕತ್ತರಿಸಿದಳು. “ಮದ್ಲ ಕಾರ್ಯಕ್ರಮ ಮುಗೀಲಿ” ಅಂದಳು. ಹೇಳುತ್ತಿದ್ದಂತೆ ತನ್ನ ಮೇಲೆ ತನಗೇ ಹೇಸಿಕೆ ಬಂತು. ಈ ಹುಡುಗಿಯನ್ನು ತನ್ನ ಬಳಿಗೆ ತಂದವನು ಅವಳಪ್ಪ ಹೊಳೆಯಪ್ಪ. ಗೀತಾಂಜಲಿಯ ಅಪ್ಪನ ಅಂಗಡಿಯ ಹಮಾಲ. ನೂರು ಕಿಲೋ ಚೀಲವನ್ನು ಬೆನ್ನಿಗೇರಿಸಿ ಹಲಗೆ ಹತ್ತುತ್ತಿದ್ದ ಆತ, ಚಿಕ್ಕ ಗೀತಾಂಜಲಿಯನ್ನು ಖಾಲಿ ಚೀಲಗಳ ರಾಶಿಯ ಮೇಲೆ ಕೂಡಿಸಿ ಶೇಂಗಾ ಕೊಡುತ್ತಿದ್ದ. ಹೋದ ವಾರ ಯಾರ್ಡಿನ ಚಹಾದಂಗಡಿಯಲ್ಲಿ ಸಿಕ್ಕಾಗ ಅವಳು ಅವನ ನಡುವಿಗೆ ಬಿಗಿದ ಅರಿವೆಯನ್ನು ನೋಡಿ, ಇದರಿಂದ ಭಾರ ಕಡಿಮೆಯಾಗುತ್ತದೆಯೇ ಎಂದು ಕೇಳಿದ್ದಳು. ಹೊಳೆಯಪ್ಪ ಬಸಿಯ ಚಹಾ ಊದಿ ಊದಿ ಯೋಚಿಸಿದ. “ಅರಿವಿ ಕಟ್ಟಿದ್ರ ಚೀಲ ಹಗೂರ ಆಗಂಗಿಲ್ರಿ ಅಕ್ಕಾರ. ನೂರು ಕಿಲೋ ನೂರ ಕಿಲೋನ. ಆದ್ರ ಕಟ್ಟಿಗೊಳ್ಳದ ಎತ್ತಾಕ ಮನಸ್ಸ ಬರೂದಿಲ್ಲ ನೋಡ್ರಿ.” ಆ ಮಾತು ಅವಳ ವಾರದ ನಿದ್ದೆ ಕೆಡಿಸಿತ್ತು. ಮನಸ್ಸು ಬರುವುದೇನು ಸಣ್ಣ ಸಂಗತಿಯೇ? ಓಡುವ ಹುಡುಗಿಗೆ ಮನಸ್ಸೇ ಅರ್ಧ ಕಾಲಲ್ಲವೇ? ಪದಕವಿಲ್ಲದ, ಕ್ಲಿನಿಕ್ಕಿನ ಬಿಳಿ ಕೋಟು ತೊಟ್ಟ ನಾನು ಯಾರು ಅದನ್ನು ಕಿತ್ತುಕೊಳ್ಳಲು? ಹೀಗೆ ಕೇಳಿಕೊಂಡು ಕೇಳಿಕೊಂಡು ಸುಮ್ಮನಿರಲು ಅವಳು ಒಳ್ಳೆಯ ಕಾರಣ ಸಂಪಾದಿಸಿದ್ದಳು. ಆದರೆ ಹೊಳೆಯಪ್ಪ ಇನ್ನೊಂದು ಮಾತನ್ನೂ ಹೇಳಿದ್ದ, ಎದ್ದು ಹೊರಟವನು ತಿರುಗಿ: “ನಡಾ ನೊಂದಾಗ ಮಾತ್ರ ಅರಿವಿ ನಂಬಬಾರದ್ರಿ. ನಮ್ಮ ಬೀರಲಿಂಗಪ್ಪ ಹಂಗ ನಂಬಿ ಎತ್ತಿದಾಂವ, ಈಗ ಹಾಸಿಗ್ಯಾಗ ಅದಾನ.” ಮಗಳ ಕಾಲಿನ ಸುದ್ದಿ ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದವಳು ಎದುರಿಗೇ ಕೂತು ಚಹಾ ಕುಡಿದಿದ್ದಳು.

ಮೈಕಿನಲ್ಲಿ ಕೇದಾರ ಸರ್ ದನಿ ಸಭಾಂಗಣವನ್ನು ತುಂಬಿತು. ಸ್ನಾಯು ಮಲಗಿರುತ್ತದೆ, ಪಟ್ಟಿ ಅದನ್ನು ಎಬ್ಬಿಸುತ್ತದೆ, ದೂರದ ದೇಶಗಳ ಆಟಗಾರರು ಸುಮ್ಮನೆ ಹಚ್ಚಿಕೊಳ್ಳುತ್ತಾರೇನು. ಮಾತು ಕೇಳಲು ಹಿತವಾಗಿತ್ತು. ಭುವನೇಶ್ವರಿ ಮೇಜಿನ ಮೇಲೆ ಕೂತು ಬಲಗಾಲು ಚಾಚಿದಳು. ಗೀತಾಂಜಲಿ ಮುಂದೆ ಬಂದು ಕೈ ಇಟ್ಟಳು. ಕರಿದಾರದ ಗಂಟು ಹೆಬ್ಬೆರಳಿಗೆ ತಾಗಿತು. ಒತ್ತಿದಳು. ಕಾಲು ನಡುಗಿ, ತಡೆದು, ಕೆಳಗಿಳಿಯಿತು. “ನೋಡಿದ್ರಲ್ಲ?” ಎಂದರು ಸರ್. ಅವಳು ತೊಡೆಯ ಮೇಲೆ ಪಟ್ಟಿಯನ್ನು ಪದ್ಧತಿಯಂತೆ ಎಳೆದು ಹಚ್ಚಿದಳು, ಒಂದು ಸುಕ್ಕಿಲ್ಲದೆ. ಇದರಲ್ಲಿ ಮೋಸವಾಯಿತು ಎಂದು ಆಮೇಲೆ ಯಾರೂ ಅನ್ನಬಾರದು. ಹುಡುಗಿ ಮತ್ತೆ ಕಾಲು ಚಾಚಿ, ನಂಬಿಕೆಯಿಂದ ಅವಳ ಮುಖ ನೋಡಿದಳು. ಕೈ ಕೆಳಗಿಳಿಯುವಾಗ ತಾನಾಗಿ ಮೇಲಕ್ಕೆ, ಮೊಣಕಾಲಿನ ಕಡೆಗೆ ಹೊರಟದ್ದು ಗೀತಾಂಜಲಿಗೆ ಸ್ಪಷ್ಟವಾಗಿ ತಿಳಿಯಿತು. ಹನ್ನೊಂದು ಊರಿನ ರೂಢಿ, ಪುಣೆಯ ರೂಢಿ, ಅಪ್ಪನ ರೂಢಿ. ಎಲ್ಲಿಗೆ ಹೊಂಟೀ, ಬಾ ಇಲ್ಲಿ ಎಂದು ಹಟಮಾರಿ ದನವನ್ನು ಗೂಟಕ್ಕೆ ಎಳೆದು ತಂದ ಹಾಗೆ ಕೈಯನ್ನು ದಾರದ ಮೇಲೆ ತಂದು ಇಟ್ಟಳು. ಅಷ್ಟೇ ಭಾರ ಹಾಕಿ ಒತ್ತಿದಳು. ಕಾಲು ನಡುಗಿತು, ತಡೆಯಿತು, ಇಳಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗಿಯ ಮುಖ ಕೆಂಪಗಾಯಿತು. “ಸ್ವಲ್ಪ ದಣದಾಳ” ಎಂದು ಕೇದಾರ ಸರ್ ನಗುತ್ತಲೇ ಮೈಕು ಕೆಳಗಿಟ್ಟು ಬಂದರು. “ನಾನ ನೋಡ್ತೇನಿ, ಸರೀರಿ.” ಭುಜದಿಂದ ಅವಳನ್ನು ಪಕ್ಕಕ್ಕೆ ಸರಿಸಿದರು, ಕುರ್ಚಿ ಸರಿಸುವ ಹಾಗೆ. ಅವರ ಬಿಳಿ, ಸಪೂರ ಕೈ ಹುಡುಗಿಯ ಕಾಲಿನ ಮೇಲೆ ಇಳಿಯಿತು. ಒಂದು ಗೇಣು ಮೇಲೆ. ಕಣ್ಣು ಮುಚ್ಚಿಕೊಂಡಂತೆ ಒತ್ತಿದರು. ಕಾಲು ಜಗ್ಗಲಿಲ್ಲ. ಸಭಾಂಗಣ ಉಸಿರು ಬಿಟ್ಟು ಚಪ್ಪಾಳೆ ಹೊಡೆಯಿತು. ಭುವನೇಶ್ವರಿಯ ಕಣ್ಣು ಹೊಳೆದವು, ರವಿವಾರದ ಟ್ರ್ಯಾಕು ಆಗಲೇ ಕಣ್ಣಮುಂದೆ ಬಂದವಳ ಹಾಗೆ. ಸರ್ ಮುಖದಲ್ಲಿ ಕಪಟವಿರಲಿಲ್ಲ ಎಂಬುದೇ ಗೀತಾಂಜಲಿಯನ್ನು ಹೆದರಿಸಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಕೈಯೂ ತಾನೇ ಹೋಗಿತ್ತು. ಈಗ ಸುಮ್ಮನೆ ಹಿಂದೆ ಸರಿದು ನಿಂತರೂ ಯಾರೂ ತನ್ನನ್ನು ದೂರುವುದಿಲ್ಲ. ಪ್ರಾಮಾಣಿಕವಾಗಿ ಒತ್ತಿದೆ, ನನ್ನ ಕೆಲಸ ಮುಗಿಯಿತು ಎಂದುಕೊಂಡು ಮನೆಗೆ ಹೋಗಬಹುದು. ಕಾಲು ಮುರಿಯುವುದು ಬೆಂಗಳೂರಿನಲ್ಲಿ, ಅವಳ ಕಣ್ಣೆದುರು ಅಲ್ಲ.

“ಸರ್, ತಡೀರಿ” ಎಂದಳು. ಮೈಕಿಲ್ಲದೆಯೂ ದನಿ ಹಿಂದಿನ ಸಾಲಿಗೆ ಮುಟ್ಟಿತು. “ನೀವು ಒತ್ತಿದ್ದು ಬ್ಯಾರೇ ಕಡೆ ಐತ್ರಿ.”

ಐತಿ! ಆರು ವರ್ಷ ಅದುಮಿಟ್ಟದ್ದು ಬಾಯಿಗೆ ಬಂದು ಕೂತಿತು, ಕೂತಲ್ಲಿಂದ ಕದಲಲಿಲ್ಲ. “ಏನು?” ಎಂದರು ಸರ್. “ನಾ ಒತ್ತಿದ್ದು ದಾರದ ಮ್ಯಾಲ. ನೀವು ಒತ್ತಿದ್ದು ದಾರದಿಂದ ಗೇಣು ಮ್ಯಾಲ. ನಾನೂ ಇಷ್ಟು ದಿನಾ ಹಂಗ ಮಾಡೇನಿ, ಹನ್ನೊಂದು ಊರಾಗ ಮಾಡೇನಿ. ಗೊತ್ತಿಲ್ಲದ ಮಾಡೇನಿ, ಆದ್ರ ಮಾಡೇನಿ. ಗೇಟಿನ ಫ್ಲೆಕ್ಸಿನಾಗೂ ಹಂಗ ಐತಿ, ಹೋಗುವಾಗ ಎಲ್ಲಾರೂ ದಾರ ನೋಡಿ ಹೋಗ್ರಿ.” ಕೇದಾರ ಸರ್ ಹಲ್ಲಿನ ನಡುವೆ “ಗೀತಾಂಜಲಿಯವರ, ಒಳಗ ಮಾತಾಡೋಣ” ಅಂದರು. “ಇಲ್ರಿ ಸರ್, ಒಳಗ ಮಾತಾಡಿ ಆಗೈತಿ” ಎಂದು ಅವಳು ಹುಡುಗಿಯ ಕಡೆ ತಿರುಗಿದಳು. “ಭುವನಾ, ಪಟ್ಟಿ ಕಿತ್ತು ಹಾಕು.” ಹುಡುಗಿ ಅಲ್ಲಾಡಲಿಲ್ಲ. ಅವಳ ಕಣ್ಣಲ್ಲಿ ಸಿಟ್ಟಿತ್ತು, ಎಲ್ಲರೆದುರು ಸೀರೆ ಜಗ್ಗಿದವರನ್ನು ನೋಡುವಂಥ ಸಿಟ್ಟು. ಮೊದಲ ಸಾಲಿನಲ್ಲಿ ಕುರ್ಚಿ ಕಿರ್ ಎಂದಿತು. ಗೋವಿಂದಪ್ಪ ಮಾಸ್ತರು ಎದ್ದು, ಸೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. “ಕೀಳವಾ ತಂಗಿ, ನಾ ಒತ್ತತೇನಿ. ನನಗೇನ ಪಟ್ಟಿ ಮಾರೂದಿಲ್ಲ, ಯಾರ ಮ್ಯಾಲ ಸಿಟ್ಟೂ ಇಲ್ಲ.”

ಭುವನೇಶ್ವರಿ ಪಟ್ಟಿಯ ತುದಿ ಹಿಡಿದು ಒಂದೇ ಎಳೆತಕ್ಕೆ ಪರ್ರನೆ ಕಿತ್ತಳು. ಮಾಸ್ತರು ಕೇದಾರ ಸರ್ ಕೈಯಿಟ್ಟ ಜಾಗದಲ್ಲೇ ಕೈಯಿಟ್ಟು ಒತ್ತಿದರು. ಪಟ್ಟಿಯಿಲ್ಲದ ಕಾಲು ನೆಟ್ಟಗೆ ನಿಂತಿತು. ಇನ್ನಷ್ಟು ಒತ್ತಿದರು, ಕುತ್ತಿಗೆಯ ನರ ಉಬ್ಬಿತು, ಕಾಲು ನಿಂತೇ ಇತ್ತು. ಆಮೇಲೆ ಕೈ ಕೆಳಗೆ ತಂದು ದಾರದ ಮೇಲೆ ಇಟ್ಟು ಒತ್ತಿದರು. ಇಳಿಯಿತು. “ಏ, ಇದು ಬಾಗಿಲಾ ನೂಕಿದಂಗ ಐತೆಲ್ಲೋ!” ಎಂದು ಮಾಸ್ತರು ಗಟ್ಟಿಯಾಗಿ ನಕ್ಕರು. ಹಿಂದಿನ ಸಾಲುಗಳಲ್ಲಿ ನಗೆ ಹರಡಿತು. ಕೇದಾರ ಸರ್ ನಗಲಿಲ್ಲ. ತಮ್ಮ ಬಲಗೈಯನ್ನು ತಿರುಗಿಸಿ ಒಂದು ಸಲ ನೋಡಿಕೊಂಡರು. ಆ ಕ್ಷಣ ಗೀತಾಂಜಲಿಗೆ ಅವರ ಮೇಲೆ ಕನಿಕರವೇ ಬಂತು. ಆದರೆ ಅವರು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, “ನಾಳೆಯಿಂದ ಕ್ಲಿನಿಕ್ಕಿಗೆ ಬರೋದು ಬ್ಯಾಡ್ರಿ” ಎಂದು ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು. “ಬರೂದಿಲ್ರಿ” ಎಂದಳು.

ನಗೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಭುವನೇಶ್ವರಿ ಕಿತ್ತ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಜಿನಿಂದ ಇಳಿದಳು, ಎಡಗಾಲಿನ ಮೇಲೆ ಭಾರ ಬೀಳದ ಹಾಗೆ.

“ಹಂಗಾರ ದಾವಣಗೆರ್ಯಾಗ ಗೆದ್ದಿದ್ದು ಯಾರ್ರಿ?” ದನಿ ಒಡೆದಿತ್ತು. “ಇದು ಸುಳ್ಳು ಅಂದ್ರ, ಅದೂ ಸುಳ್ಳೇನ್ರಿ?”

“ನೀನ ಗೆದ್ದಿದ್ದು. ಮತ್ಯಾರು? ಇಷ್ಟು ದಿನಾ ನಿನ್ನ ಓಟಾನ ಇದರ ಹೆಸರಿಗೆ ಬರೆದಿದ್ವಿ.”

ಹುಡುಗಿ ಎಲ್ಲರೆದುರಿಗೇ ಕೇಳಿದಳು: “ಮತ್ತ ಮದ್ಲ ಯಾಕ ಹೇಳಲಿಲ್ರಿ? ನಾ ಹನ್ನೊಂದು ದಿನಾ ಓಡೇನಿ. ಇವತ್ತ ಒಳಗ ಕೇಳಿದಾಗೂ ಹೇಳಲಿಲ್ಲ.” “ಹೆದರಿದ್ದೆ” ಅಂದಳು ಗೀತಾಂಜಲಿ. “ತಪ್ಪು ನಂದು.” ಅರವತ್ತು ಜನರ ಮುಂದೆ ಹಾಗೆ ಹೇಳಿದ್ದು ಬೆಂಕಿ ನುಂಗಿದ ಹಾಗಾಯಿತು, ಆದರೂ ತಲೆ ತಗ್ಗಿಸಲಿಲ್ಲ.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕೂತಾಗ ಹನ್ನೆರಡರ ಬಿಸಿಲು ಗೇಟಿನ ಫ್ಲೆಕ್ಸಿನ ಮೇಲೆ ಬಿದ್ದಿತ್ತು. ಇಬ್ಬರು ಶಿಕ್ಷಕರು ಅದರ ಕೆಳಗೆ ನಿಂತು ಕೈ ಚಾಚಿ ಏನೋ ತೋರಿಸಿಕೊಳ್ಳುತ್ತಿದ್ದರು. ಭುವನೇಶ್ವರಿ ಮಾತಾಡುವುದಿಲ್ಲವೆಂದು ಗೀತಾಂಜಲಿ ತಿಳಿದಿದ್ದಳು. ಮಾತಾಡದಿದ್ದರೂ ಸರಿಯೇ, ಎದ್ದು ಹೋಗದಿದ್ದರೆ ಸಾಕು. ನಾಳೆ ಎಲ್ಲಿಗೆ ಹೋಗಬೇಕು, ಅವ್ವನಿಗೆ ಏನು ಹೇಳಬೇಕು ಎಂಬ ಯೋಚನೆ ಬಂದು ಬಾಗಿಲಲ್ಲಿ ನಿಂತಿತ್ತು, ಅವಳು ಅದನ್ನು ಇನ್ನೂ ಒಳಗೆ ಕರೆದಿರಲಿಲ್ಲ. ಮೊದಲು ಸಂಜೆ ಯಾರ್ಡಿಗೆ ಹೋಗಿ ಹೊಳೆಯಪ್ಪನಿಗೆ ಕಾಲಿನ ಸುದ್ದಿ ಪೂರ್ತಿ ಹೇಳಬೇಕು.

“ಎಷ್ಟು ವಾರ ಅಂದ್ರಿ?”

“ಆರು.”

“ಆಮ್ಯಾಲ ಓಡಬಹುದೇನ್ರಿ?”

“ಮೊದಲ ನಡೀಬೇಕು. ಆಮ್ಯಾಲ ಓಡಬೇಕು. ನಾನ ಬಂದು ನೋಡತೇನಿ, ಮನಿಗೆ.” ಈ ಸಲ ಬಾಲ ಹಚ್ಚಲಿಲ್ಲ.

“ರವಿವಾರ?”

“ರವಿವಾರ ಇಲ್ಲ.”

ಹುಡುಗಿಯ ಕಣ್ಣಿಂದ ನೀರು ಬಂತು. ಒರೆಸಿಕೊಳ್ಳಲಿಲ್ಲ. ಮುಷ್ಟಿಯಲ್ಲಿದ್ದ ನೀಲಿ ಪಟ್ಟಿಯನ್ನು ಬಿಡಿಸಲು ಹೋದಳು. ಅದು ತನಗೆ ತಾನೇ ಅಂಟಿಕೊಂಡು ಉಂಡೆಯಾಗಿತ್ತು. ಅದನ್ನು ಬೇವಿನ ಬುಡಕ್ಕೆ ಒಗೆದಳು. ಆಮೇಲೆ ಬಲಗಾಲು ಮಡಚಿ, ಪಾದದ ಗಂಟಿನ ಕರಿದಾರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದಳು. ಗೀತಾಂಜಲಿಯ ಕಣ್ಣು ಅಲ್ಲೇ ನೆಟ್ಟದ್ದನ್ನು ನೋಡಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ದಾರ ಬಿಚ್ಚೂದಿಲ್ರಿ ನಾ” ಎಂದಳು ಗಟ್ಟಿಯಾಗಿ. “ಇದನ್ನ ನಮ್ಮವ್ವ ಕಟ್ಟ್ಯಾಳ. ಓಡಸ್ತೈತಿ ಅಂತ ಆಕಿ ಒಂದಿನಾನೂ ಹೇಳಿಲ್ಲ.”